ಬಾಣೆ ನಿಮ್ಮದು, ಮರ ನಿಮ್ಮದಲ್ಲ: ಫಾಂಟ್ ಲೈಸೆನ್ಸ್ ಓದುವ ಬಗೆ

ವಿರಾಜಪೇಟೆ ಕಡೆಯ ಒಬ್ಬ ಅಕ್ಕ ಮನೆಯಲ್ಲೇ ಕಾಫಿ ಹುರಿದು ಪುಡಿ ಮಾಡಿ ಮಾರುತ್ತಾರೆ. ಕಾಲು ಕೆಜಿ ಪೌಚ್‌ಗೆ ಒಂದು ಲೇಬಲ್ ಮಾಡಿಕೊಡಿ ಅಂದರು. ಮಾಡಿಕೊಟ್ಟೆ. ಮೇಲೆ ಇಂಗ್ಲಿಷಿನಲ್ಲಿ ಹೆಸರು, ಬ್ರಷ್ ಹಿಡಿದು ಎಳೆದ ಹಾಗಿರುವ ಅಕ್ಷರ. ಕೆಳಗೆ ಕನ್ನಡ. ಮೈಸೂರಿನಿಂದ ಸಾವಿರ ಪೌಚ್ ಪ್ರಿಂಟ್ ಆಗಿ ಬಂತು. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ನನಗೂ ಸ್ವಲ್ಪ ಹೆಮ್ಮೆ ಇತ್ತು.

ಜೂನ್ ತಿಂಗಳಲ್ಲಿ ನನ್ನ ಕಂಪ್ಯೂಟರ್ ಕೈಕೊಟ್ಟಿತು. ಮಡಿಕೇರಿಯ ಮಳೆಗಾಲ ಗೊತ್ತಲ್ಲ, ಕರೆಂಟು ಹೋಗಿ ಬಂದು ಹಾರ್ಡ್ ಡಿಸ್ಕ್ ಸತ್ತೇ ಹೋಯಿತು. ಹೊಸದಕ್ಕೆ ಫಾಂಟ್‌ಗಳನ್ನು ಒಂದೊಂದಾಗಿ ಹಾಕಿಕೊಳ್ಳುವಾಗ ಆ ಬ್ರಷ್ ಫಾಂಟಿನ ಜಿಪ್ ಬಿಚ್ಚಿದೆ. ಒಳಗೊಂದು ಟೆಕ್ಸ್ಟ್ ಫೈಲ್ ಇತ್ತು. ಮೊದಲ ಸಲವೂ ಇದ್ದಿರಬೇಕು, ಯಾರು ತೆಗೆದು ನೋಡುತ್ತಾರೆ? ಈ ಸಲ ಸುಮ್ನೆ ತೆರೆದೆ. ಇದು ವೈಯಕ್ತಿಕ ಬಳಕೆಗೆ ಮಾತ್ರ, ವ್ಯಾಪಾರಕ್ಕೆ ಬೇಕಿದ್ದರೆ ಈ ವಿಳಾಸಕ್ಕೆ ಬರೆಯಿರಿ ಅಂತ ಮೊದಲ ಸಾಲಿನಲ್ಲೇ ಇತ್ತು.

ಬರೆದೆ. ಮರುದಿನವೇ ಉತ್ತರ ಬಂತು, ತುಂಬಾ ಮರ್ಯಾದೆಯಿಂದ. ಪ್ಯಾಕೆಟ್ ಮೇಲೆ ಹಾಕಿ ಮಾರುವ ಲೈಸೆನ್ಸಿಗೆ 60 ಡಾಲರ್. ರೂಪಾಯಿ ಲೆಕ್ಕದಲ್ಲಿ ಐದು ಸಾವಿರದ ಮೇಲೆ. ಇಡೀ ಲೇಬಲ್‌ಗೆ ನಾನು ತಗೊಂಡಿದ್ದು 3,500.

ಅಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದೆ. "ನಿಮಗೆ ದುಡ್ಡು ಕೊಟ್ಟೆ. ಪ್ರೆಸ್‌ನವರಿಗೂ ಕೊಟ್ಟೆ. ಈ ಅಕ್ಷರದವನು ಯಾರು ಮಾರಾಯ್ರೆ ಮಧ್ಯದಲ್ಲಿ?" ಅಂದರು.

ಒಳ್ಳೇ ಪ್ರಶ್ನೆ. ಉತ್ತರ ಹುಡುಕುತ್ತಿದ್ದಾಗ ನನಗೆ ಹೊಳೆದದ್ದು ಬಾಣೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುವುದಾದರೆ, ಗದ್ದೆಯ ಜೊತೆಗೆ ಅನುಭವಿಸಲು ಸಿಕ್ಕ ಕಾಡುಗುಡ್ಡದ ಜಾಗ. ಬಾಣೆಯಲ್ಲಿ ಕಾಫಿ ಹಾಕಬಹುದು, ಮೆಣಸು ಹಬ್ಬಿಸಬಹುದು, ಮೊಮ್ಮಕ್ಕಳ ಕಾಲದವರೆಗೂ ಅನುಭವಿಸಬಹುದು. ಆದರೆ ಹಣ ಕಟ್ಟಿ ಬಿಡಿಸಿಕೊಳ್ಳದ ಬಾಣೆಯಾದರೆ ಅದರೊಳಗಿನ ಬೀಟೆ ಮರ ನಿಮ್ಮದಲ್ಲ. ಜಾಗ ನಿಮ್ಮ ಸ್ವಾಧೀನದಲ್ಲಿದೆ, ಬೇಲಿ ನಿಮ್ಮದು, ಆದರೂ ಕೊಡಲಿ ಎತ್ತುವ ಮುಂಚೆ ಕಾಗದ ನೋಡಬೇಕು. ಫಾಂಟೂ ಹಾಗೆಯೇ. ಫೈಲ್ ನಿಮ್ಮ ಕಂಪ್ಯೂಟರಿನಲ್ಲಿದೆ. ಅದರಿಂದ ಏನು ಮಾಡಬಹುದು ಅನ್ನುವುದು ಮಾತ್ರ ಬೇರೆ ಕಾಗದದಲ್ಲಿದೆ.

"ಹಾಗಾದ್ರೆ ಫಾಂಟೂ ಜಮ್ಮಾನೇ ಅನ್ನಿ" ಅಂತ ಅಕ್ಕ ನಕ್ಕರು. ಜಮ್ಮಾ ಅಂದರೆ ಕೊಡಗಿನಲ್ಲಿ ತಲೆಮಾರುಗಳಿಂದ ಅನುಭವಿಸಿಕೊಂಡು ಬಂದ ಜಮೀನಿನ ಹಕ್ಕು. ನಗು ಸರಿ, ಸಾವಿರ ಪೌಚ್ ಏನು ಮಾಡುವುದು ಅನ್ನುವುದು ಹಾಗೇ ಉಳಿಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಈ ಗೊಂದಲ ಹಳೇ ಪ್ರೆಸ್‌ಗಳಲ್ಲಿ ಇರಲಿಲ್ಲ. ಅಚ್ಚಿನ ಮೊಳೆಗಳನ್ನು ತೂಕದ ಲೆಕ್ಕದಲ್ಲಿ ಕೊಂಡು ತರುತ್ತಿದ್ದರು. ಸೀಸದ ಮೊಳೆ ಪೆಟ್ಟಿಗೆಗೆ ಬಿತ್ತು ಅಂದರೆ ಅದು ಪ್ರೆಸ್‌ನವರದ್ದು. ಮದುವೆ ಕಾಗದಕ್ಕೂ ಅದೇ ಮೊಳೆ, ಬೀಡಿ ಲೇಬಲ್‌ಗೂ ಅದೇ ಮೊಳೆ, ತಿಥಿ ಕಾರ್ಡಿಗೂ ಅದೇ. ಸವೆದರೆ ಕರಗಿಸಿ ಮತ್ತೆ ಎರಕ ಹೊಯ್ಯುತ್ತಿದ್ದರು. ಒಂದು ಮೊಳೆ ಒಂದೇ ಕಡೆ ಇರಬಲ್ಲದು. ಹಾಗಾಗಿ ಯಾರು ಎಷ್ಟು ಬಳಸಿದರು ಅನ್ನುವ ಪ್ರಶ್ನೆಯೇ ಏಳಲಿಲ್ಲ. ಈಗ ಒಂದು ಟಿಟಿಎಫ್, ಅಂದರೆ ಫಾಂಟಿನ ಫೈಲ್, ಒಂದು ಸೆಕೆಂಡಿನಲ್ಲಿ ನೂರು ಫೋನಿಗೆ ಹೋಗುತ್ತದೆ. ಮಾಡಿದವನ ಹತ್ತಿರ ಮಾರಲು ಉಳಿದಿರುವುದು ಅನುಮತಿ ಒಂದೇ. ಫಾಂಟ್ 'ಕೊಂಡೆ' ಅಂತ ನಾವು ಬಾಯಿಮಾತಿಗೆ ಹೇಳುತ್ತೇವೆ. ಕೊಂಡಿದ್ದು ಬಳಸುವ ಹಕ್ಕು, ಅದೂ ಷರತ್ತಿನ ಮೇಲೆ.

ಕಾನೂನಿನಲ್ಲಿ ಒಂದು ವಿಚಿತ್ರ ಇದೆ. ಅಕ್ಷರದ ಆಕಾರ ಬೇರೆ, ಫಾಂಟ್ ಫೈಲ್ ಬೇರೆ ಅಂತ ಅದು ನೋಡುತ್ತದೆ. ಅಮೆರಿಕದಲ್ಲಿ ಅಕ್ಷರದ ಆಕಾರಕ್ಕೆ ಕಾಪಿರೈಟ್ ಇಲ್ಲ ಅಂತ 1978ರಲ್ಲೇ ಕೋರ್ಟಿನಲ್ಲಿ ತೀರ್ಮಾನವಾಯಿತು. ಆದರೆ ಆ ಆಕಾರವನ್ನು ಮೂಡಿಸುವ ಫೈಲ್ ಒಂದು ಕಂಪ್ಯೂಟರ್ ಪ್ರೋಗ್ರಾಂ, ಅದಕ್ಕೆ ರಕ್ಷಣೆ ಉಂಟು ಅಂತ 1998ರಲ್ಲಿ ಅಡೋಬಿ ಅನ್ನುವ ಸಾಫ್ಟ್‌ವೇರ್ ಕಂಪನಿ ಹೂಡಿದ ಮೊಕದ್ದಮೆಯಲ್ಲಿ ಇನ್ನೊಂದು ಕೋರ್ಟ್ ಹೇಳಿತು. ನಮ್ಮಲ್ಲೂ ಹೆಚ್ಚುಕಮ್ಮಿ ಇದೇ ದಾರಿ. ಅಕ್ಷರ ವಿನ್ಯಾಸವನ್ನು ಕಲಾಕೃತಿ ಅಂತ ನೋಂದಾಯಿಸಲು 2002ರಲ್ಲಿ ಆಗಿನ ಕಾಪಿರೈಟ್ ಬೋರ್ಡ್ ಒಪ್ಪಲಿಲ್ಲ. ಆಕಾರಕ್ಕೆ ರಕ್ಷಣೆ ಬೇಕಿದ್ದರೆ 2000ದ ಡಿಸೈನ್ಸ್ ಕಾಯ್ದೆಯಲ್ಲಿ ನೋಂದಾಯಿಸಬಹುದು, 10 ವರ್ಷ, ಮೇಲೆ ಇನ್ನೊಂದು 5 ವರ್ಷ. ಕಂಪ್ಯೂಟರ್ ಪ್ರೋಗ್ರಾಂಗಳಿಗೆ ಮಾತ್ರ 1957ರ ಕಾಪಿರೈಟ್ ಕಾಯ್ದೆಯ ರಕ್ಷಣೆ ನೇರವಾಗಿಯೇ ಇದೆ.

ಫಾಂಟ್ ಹೇಗೆ ಪ್ರೋಗ್ರಾಂ ಆಗುತ್ತದೆ ಅಂತ ಅನುಮಾನ ಬಂದರೆ ಕನ್ನಡದ ಫಾಂಟನ್ನೇ ನೋಡಿ. 'ಕ' ಒತ್ತಿ, ಅರ್ಧಾಕ್ಷರದ ಗುರುತು ಒತ್ತಿ, 'ಷ' ಒತ್ತಿದರೆ 'ಕ್ಷ' ಬರಬೇಕು. 'ರ' ಮೊದಲು ಬಂದರೆ ಅರ್ಕಾವತ್ತು ಪಕ್ಕಕ್ಕೆ ಹೋಗಿ ಕೂರಬೇಕು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಾರದು. ಇಷ್ಟನ್ನೂ ಯಾರೋ ಕೂತು ಒಂದೊಂದಾಗಿ ಫೈಲಿನೊಳಗೆ ನಿಯಮವಾಗಿ ಬರೆದಿರುತ್ತಾರೆ. ಇಂಗ್ಲಿಷಿಗೆ ಇಷ್ಟು ಕೆಲಸ ಇಲ್ಲ. ಕನ್ನಡದಲ್ಲಿ ಒಳ್ಳೇ ಫಾಂಟ್‌ಗಳು ಯಾಕೆ ಕಮ್ಮಿ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಇನ್ನರ್ಧ ಉತ್ತರ, ನಾವ್ಯಾರೂ ಕೊಳ್ಳುವುದಿಲ್ಲ.

ಶಿಕ್ಷೆ ಎಷ್ಟು ಅಂತ ಕೇಳುವವರಿಗೆ: ಕದ್ದ ಪ್ರೋಗ್ರಾಂ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಕಾಪಿರೈಟ್ ಕಾಯ್ದೆಯ 63ಬಿ ಸೆಕ್ಷನ್ ಪ್ರಕಾರ ಕನಿಷ್ಠ 7 ದಿನ, ಗರಿಷ್ಠ 3 ವರ್ಷ ಜೈಲು. ದಂಡ 50 ಸಾವಿರದಿಂದ 2 ಲಕ್ಷ ರೂಪಾಯಿ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿಲ್ಲ ಅಂತಾದರೆ ಕೋರ್ಟ್ ಜೈಲು ಬಿಟ್ಟು 50 ಸಾವಿರದೊಳಗಿನ ದಂಡ ಹಾಕಬಹುದು. ನೋಡಿ, ಕಾನೂನು ಕೂಡ ಮನೆ ಬಳಕೆ ಮತ್ತು ವ್ಯಾಪಾರದ ನಡುವೆ ಗೆರೆ ಎಳೆಯುತ್ತದೆ. ಮಡಿಕೇರಿಯ ಡಿಟಿಪಿ ಅಂಗಡಿಗೆ ಪೊಲೀಸರು ಫಾಂಟ್ ಹುಡುಕಿಕೊಂಡು ಬರುತ್ತಾರೆ ಅಂತ ನಾನು ಹೆದರಿಸುತ್ತಿಲ್ಲ. ನನ್ನ ಚಿಂತೆ ಬೇರೆ. ಪ್ಯಾಕೆಟ್ ಮೇಲಿರುವುದು ಅಕ್ಕನ ಹೆಸರು, ನನ್ನದಲ್ಲ. ಆಕ್ಷೇಪದ ಪತ್ರ ಬಂದರೆ ಮೊದಲು ಅವರ ಬಾಗಿಲಿಗೆ.

ಆ ಗೆರೆ ಎಲ್ಲಿದೆ ಅನ್ನುವುದೇ ಕಷ್ಟ. ಅದರಲ್ಲೂ ನಮ್ಮೂರಿನಲ್ಲಿ ಜಾಸ್ತಿ ಕಷ್ಟ.

ಕೊಡಗಿನಲ್ಲಿ ಡಿಸೈನ್ ಕೆಲಸ ಅರ್ಧ ದುಡ್ಡಿಗೆ, ಅರ್ಧ ಸಂಬಂಧಕ್ಕೆ ನಡೆಯುತ್ತದೆ. ದೊಡ್ಡಪ್ಪನ ಮಗ ಹೋಂಸ್ಟೇ ತೆರೆದ, ಬೋರ್ಡು ಬೇಕು. ನಾನು ಒಂದು ಪೈಸೆ ತಗೊಳ್ಳಲಿಲ್ಲ. ಇದು ವೈಯಕ್ತಿಕವಾ? ಅಲ್ಲ. ನಾನು ದುಡ್ಡು ತಗೊಂಡಿಲ್ಲದಿರಬಹುದು, ಆ ಬೋರ್ಡು ನೋಡಿ ಬರುವ ಅತಿಥಿ ರಾತ್ರಿಗೆ ಬಾಡಿಗೆ ಕೊಡುತ್ತಾನೆ. ಬಹುಪಾಲು ಲೈಸೆನ್ಸ್‌ಗಳು ಕೇಳುವುದು ಡಿಸೈನ್ ಮಾಡಿದವನಿಗೆ ದುಡ್ಡು ಬಂತಾ ಅಂತ ಮಾತ್ರ ಅಲ್ಲ, ಆ ವಸ್ತುವಿನಿಂದ ಯಾರಿಗಾದರೂ ವ್ಯಾಪಾರ ಆಗುತ್ತದಾ ಅಂತ. ಇದರ ತಿರುವುಮುರುವೂ ಇದೆ. ಚಿಕ್ಕಮ್ಮನ ಮಗಳ ಮದುವೆ ಕಾಗದ ಪೂರ್ತಿ ಮನೆಯ ವಿಷಯ. ಅವಳೇ ಕೂತು ಮಾಡಿಕೊಂಡರೆ ಯಾರದೂ ತಕರಾರಿಲ್ಲ. ಅದೇ ಕಾಗದಕ್ಕೆ ನಾನು 2,000 ರೂಪಾಯಿ ಬಿಲ್ ಮಾಡಿದೆ ಅಂದರೆ ನನ್ನ ಕಡೆಯಿಂದ ಅದು ವ್ಯಾಪಾರ.

ಇನ್ನು ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಟೂರ್ನಿ ಈಗ ಮುನ್ನೂರಕ್ಕೂ ಹೆಚ್ಚು ತಂಡಗಳು ಸೇರುವ ಜಾತ್ರೆ. ಪ್ರತಿ ವರ್ಷ ಒಂದೊಂದು ಒಕ್ಕ, ಅಂದರೆ ಒಂದೊಂದು ಮನೆತನ, ನಡೆಸುತ್ತದೆ. ಲೋಗೋ, ಜೆರ್ಸಿ, ಬ್ಯಾನರ್, ಸ್ಮರಣ ಸಂಚಿಕೆ, ಎಲ್ಲ ಕೆಲಸವನ್ನೂ ಒಕ್ಕದ ಹುಡುಗ ಹುಡುಗಿಯರು ರಾತ್ರಿ ಕೂತು ಮಾಡುತ್ತಾರೆ. ಒಬ್ಬರಿಗೂ ಸಂಬಳ ಇಲ್ಲ. ಕೇಳಿದರೆ 'ಮನೆ ಕೆಲಸ' ಅನ್ನುತ್ತಾರೆ. ಆದರೆ ಬ್ಯಾನರಿನ ಕೆಳಗೆ ಬ್ಯಾಂಕಿನ ಲೋಗೋ ಇದೆ, ಸಿಮೆಂಟ್ ಕಂಪನಿಯ ಲೋಗೋ ಇದೆ. ಸಂಚಿಕೆಯಲ್ಲಿ ಜಾಹೀರಾತಿದೆ. ವೈಯಕ್ತಿಕ ಬಳಕೆ ಅಂತ ಬರೆದ ಫಾಂಟ್ ಇಲ್ಲಿ ನಡೆಯುವುದಿಲ್ಲ ಅಂತಲೇ ನನ್ನ ಅಭಿಪ್ರಾಯ. ಲಾಭದ ಉದ್ದೇಶ ಇಲ್ಲದ ಸಂಸ್ಥೆಗಳಿಗೆ ಕೆಲವರು ಬೇರೆಯೇ ರಿಯಾಯಿತಿ ಕೊಡುತ್ತಾರೆ, ಆದರೆ ಅದನ್ನು ಕಾಗದದಲ್ಲಿ ಬರೆದಿರಬೇಕು. ನಾವೇ ಊಹಿಸಿಕೊಳ್ಳುವ ಹಾಗಿಲ್ಲ. ಮಡಿಕೇರಿ ದಸರಾದ ಹತ್ತು ಮಂಟಪಗಳ ಸಮಿತಿಗಳು ಟೀ ಶರ್ಟ್ ಮಾಡಿಸಿ ಅಸಲು ಬೆಲೆಗೇ ಮಾರುವುದಕ್ಕೂ ಇದೇ ಮಾತು. ಲಾಭ ಬರಲಿಲ್ಲ ಅಂದಮಾತ್ರಕ್ಕೆ ಮಾರಲಿಲ್ಲ ಅಂತಾಗುವುದಿಲ್ಲ.

ಅನುಮಾನ ಇದ್ದರೆ ಫಾಂಟ್ ಮಾಡಿದವರಿಗೆ ಒಂದು ಮೇಲ್ ಹಾಕುವುದು ಎಲ್ಲಕ್ಕಿಂತ ಸುಲಭ. ಅವರಲ್ಲಿ ಹೆಚ್ಚಿನವರು ನಮ್ಮ ಹಾಗೇ ಒಬ್ಬರೇ ಕೂತು ಕೆಲಸ ಮಾಡುವವರು. ಊರಹಬ್ಬಕ್ಕೆ ಅಂದರೆ ಹಾಗೇ ಒಪ್ಪಿಗೆ ಕೊಟ್ಟುಬಿಡುವವರೂ ಇದ್ದಾರೆ.

ಯಾರು ಬಳಸುತ್ತಾರೆ ಅನ್ನುವುದು ಒಂದು ಪ್ರಶ್ನೆಯಾದರೆ, ಫೈಲ್ ಎಲ್ಲೆಲ್ಲಿಗೆ ಹೋಗುತ್ತದೆ ಅನ್ನುವುದು ಇನ್ನೊಂದು. ಇದನ್ನು ನಮ್ಮವರು ಯೋಚಿಸುವುದೇ ಇಲ್ಲ. ಪ್ರೆಸ್‌ನಿಂದ ಫೋನ್ ಬರುತ್ತದೆ: "ಸಿಡಿಆರ್ ಫೈಲ್ ಕಳ್ಸಿ ಸಾರ್, ಫಾಂಟೂ ಕಳ್ಸಿಬಿಡಿ." ಸಿಡಿಆರ್ ಅಂದರೆ ಕೋರೆಲ್ ಡ್ರಾ ಸಾಫ್ಟ್‌ವೇರಿನಲ್ಲಿ ಮಾಡಿದ ಡಿಸೈನ್ ಫೈಲ್. ವಾಟ್ಸಾಪ್‌ನಲ್ಲಿ ಕಳಿಸಿಬಿಡುತ್ತೇವೆ. ದುಡ್ಡು ಕೊಟ್ಟು ತಗೊಂಡ ಡೆಸ್ಕ್‌ಟಾಪ್ ಲೈಸೆನ್ಸ್ ಸಾಮಾನ್ಯವಾಗಿ ಕಂಪ್ಯೂಟರಿನ ಲೆಕ್ಕದ್ದು. ಒಂದಕ್ಕೆ ತಗೊಂಡರೆ ಒಂದಕ್ಕೆ, ಐದಕ್ಕೆ ತಗೊಂಡರೆ ಐದಕ್ಕೆ. ಪ್ರೆಸ್‌ನವರಿಗೆ ಕಳಿಸಿದ್ದು ಆರನೆಯದು. ಅಲ್ಲಿಂದ ಅದು ಬೇರೆ ಗಿರಾಕಿಯ ಕೆಲಸಕ್ಕೂ ಬಳಕೆಯಾಗುತ್ತದೆ, ಪ್ರೆಸ್‌ನ ಹುಡುಗನ ಪೆನ್‌ಡ್ರೈವಿಗೂ ಹೋಗುತ್ತದೆ.

ಮದ್ದು ಸುಲಭ. ಕರ್ವ್ಸ್ ಮಾಡಿ ಕೊಡಿ. ಕೋರೆಲ್‌ನಲ್ಲಿ ಕನ್ವರ್ಟ್ ಟು ಕರ್ವ್ಸ್, ಇಲ್ಲಸ್ಟ್ರೇಟರ್‌ನಲ್ಲಿ ಕ್ರಿಯೇಟ್ ಔಟ್‌ಲೈನ್ಸ್. ಅಕ್ಷರ ಬರೀ ಗೆರೆಯಾಗಿಬಿಡುತ್ತದೆ, ಫಾಂಟ್ ಫೈಲ್ ಕಳಿಸುವ ಗೋಜೇ ಇಲ್ಲ. ಇಲ್ಲದಿದ್ದರೆ ಫಾಂಟ್ ಸೇರಿಸಿದ ಪಿಡಿಎಫ್ ಕೊಡಿ, ಇದಕ್ಕೆ ಹೆಚ್ಚಿನ ಲೈಸೆನ್ಸ್‌ಗಳು ಒಪ್ಪುತ್ತವೆ. ಕನ್ನಡಕ್ಕೆ ಇದರಲ್ಲಿ ಇನ್ನೊಂದು ಲಾಭ. ಪ್ರೆಸ್‌ನಲ್ಲಿ ಬೇರೆ ಆವೃತ್ತಿಯ ಫಾಂಟ್ ಇದ್ದು ಒತ್ತಕ್ಷರವೆಲ್ಲ ಕಳಚಿಕೊಂಡು, ಚುಕ್ಕಿ ಚುಕ್ಕಿಯ ಸೊನ್ನೆ ಬಂದು ಮದುವೆ ಕಾಗದ ಹಾಳಾದದ್ದು ನಿಮಗೂ ನೆನಪಿರಬಹುದು. ಕರ್ವ್ಸ್ ಮಾಡಿದರೆ ಆ ತಲೆನೋವೂ ಇಲ್ಲ. ತಿದ್ದುವುದಕ್ಕೆ ಮೂಲ ಫೈಲ್ ಒಂದನ್ನು ಬೇರೆ ಇಟ್ಟುಕೊಳ್ಳಿ, ಮರೆಯಬೇಡಿ.

ವೆಬ್‌ಸೈಟಿಗೆ ಹಾಕುವುದಾದರೆ ಬೇರೆ ಲೈಸೆನ್ಸ್. ಅಲ್ಲಿ ತಿಂಗಳಿಗೆ ಎಷ್ಟು ಸಲ ಪುಟ ತೆರೆಯಿತು ಅನ್ನುವ ಲೆಕ್ಕ ನಡೆಯುತ್ತದೆ. ಮೊಬೈಲ್ ಆಪ್‌ಗೆ ಮತ್ತೊಂದು, ಇ-ಪುಸ್ತಕಕ್ಕೆ ಇನ್ನೊಂದು. ಲೋಗೋಗೆ ಹೆಚ್ಚಿನವರು ಡೆಸ್ಕ್‌ಟಾಪ್ ಲೈಸೆನ್ಸಿನಲ್ಲೇ ಬಿಡುತ್ತಾರೆ, ಕೆಲವರು ಪ್ರತ್ಯೇಕ ಕೇಳುತ್ತಾರೆ. ಹೋಂಸ್ಟೇ ವೆಬ್‌ಸೈಟ್ ಮಾಡುವವರಿಗೆ ನನ್ನ ಸಲಹೆ ಒಂದೇ. ವೆಬ್ ಲೈಸೆನ್ಸ್ ಡಿಸೈನರ್ ಹೆಸರಿನಲ್ಲಿ ಬೇಡ, ಹೋಂಸ್ಟೇ ಮಾಲೀಕರ ಹೆಸರಿನಲ್ಲೇ ಇರಲಿ. ನಾಳೆ ನೀವು ಬೆಂಗಳೂರಿಗೆ ಹೋದರೂ ವೆಬ್‌ಸೈಟ್ ಇಲ್ಲೇ ಇರುತ್ತದೆ.

ಈಗ ಪುಕ್ಕಟೆ ಫಾಂಟ್‌ಗಳ ವಿಷಯ. ಜಗಳವೆಲ್ಲ ಇರುವುದು ಇಲ್ಲೇ. 'ಉಚಿತ' ಅನ್ನುವುದು ಬೆಲೆಯ ಮಾತು. ಏನು ಮಾಡಬಹುದು ಅನ್ನುವುದನ್ನು ಅದು ಹೇಳುವುದೇ ಇಲ್ಲ. ಡಾಫಾಂಟ್‌ನಂಥ ತಾಣದಲ್ಲಿ ಡೌನ್‌ಲೋಡ್ ಗುಂಡಿಯ ಹತ್ತಿರವೇ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತದೆ: ವೈಯಕ್ತಿಕ ಬಳಕೆಗೆ ಉಚಿತ, ಪೂರ್ತಿ ಉಚಿತ, ಡೆಮೊ, ದೇಣಿಗೆ ಕೊಡಿ, ಹೀಗೆ. ಎಲ್ಲಕ್ಕೂ ಗುಂಡಿ ಒಂದೇ ಥರ ಇರುವುದರಿಂದ ನಮಗೆ ಎಲ್ಲವೂ ಒಂದೇ. ಡೆಮೊ ಅಂತ ಇದ್ದರೆ ಕೆಲವು ಅಕ್ಷರಗಳೇ ಇರುವುದಿಲ್ಲ. ಅಂಕಿ ಇರಲ್ಲ, ರೂಪಾಯಿ ಚಿಹ್ನೆ ಇರಲ್ಲ. ಅದೂ ಒಂದು ಸೂಚನೆಯೇ.

ಪೂರ್ತಿ ಬೇಲಿ ತೆಗೆದ ಫಾಂಟ್‌ಗಳೂ ಇವೆ. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್, ಎಲ್ಲರೂ ಓಎಫ್‌ಎಲ್ ಅನ್ನುತ್ತಾರೆ. ಈಗ ನಡೆಯುತ್ತಿರುವ 1.1 ಆವೃತ್ತಿ 2007ರದ್ದು. ಇದರಲ್ಲಿ ಮನೆ, ಅಂಗಡಿ ಅನ್ನುವ ಭೇದವೇ ಇಲ್ಲ. ಕಾಫಿ ಪೌಚ್ ಮೇಲೆ ಹಾಕಿ, ಲೋಗೋ ಮಾಡಿ, ಟೀ ಶರ್ಟ್ ಮಾರಿ, ಆಪ್‌ಗೆ ಸೇರಿಸಿ, ಪ್ರೆಸ್‌ಗೆ ಫೈಲ್ ಕಳಿಸಿ, ಯಾರನ್ನೂ ಕೇಳಬೇಕಿಲ್ಲ. ಡಿಸೈನ್‌ನ ಮೂಲೆಯಲ್ಲಿ ಹೆಸರು ಹಾಕಬೇಕು ಅಂತಲೂ ಇಲ್ಲ. ಷರತ್ತುಗಳು ಕೆಲವೇ. ಫಾಂಟನ್ನು ಬರೀ ಫಾಂಟಾಗಿ ಮಾರಬಾರದು. ಹಂಚಿದರೆ ಲೈಸೆನ್ಸಿನ ಕಾಗದವನ್ನೂ ಜೊತೆಗೆ ಕೊಡಬೇಕು. ತಿದ್ದಿ ಹೊಸದು ಮಾಡಿದರೆ ಅದನ್ನೂ ಇದೇ ಲೈಸೆನ್ಸಿನಲ್ಲೇ ಬಿಡಬೇಕು. ಮೂಲದವರು ಹೆಸರನ್ನು ಕಾಯ್ದಿರಿಸಿಕೊಂಡಿದ್ದರೆ ನಿಮ್ಮದಕ್ಕೆ ಬೇರೆ ಹೆಸರಿಡಬೇಕು. ಮನೆಹೆಸರಿನ ಹಾಗೆ ಅಂದುಕೊಳ್ಳಿ. ಊಟ ಮಾಡಿ, ಉಳಿದುಕೊಳ್ಳಿ, ಆದರೆ ನಮ್ಮ ಮನೆಹೆಸರು ಇಟ್ಟುಕೊಂಡು ತಿರುಗಬೇಡಿ.

ಈ ತಿದ್ದುವ ಹಕ್ಕು ಕೊಡಗಿಗೆ ಸುಮ್ನೆ ಅಲಂಕಾರ ಅಲ್ಲ. ಕೊಡವ ತಕ್ಕನ್ನು, ಅಂದರೆ ಕೊಡವ ಭಾಷೆಯನ್ನು, ನಾವು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಬರೆಯುತ್ತೇವೆ. ಆದರೆ ಕನ್ನಡದಲ್ಲಿ ಇಲ್ಲದ ಸ್ವರಗಳು ಅದರಲ್ಲಿವೆ, ನಾಲಿಗೆ ನಡುವಿನಲ್ಲಿ ನಿಲ್ಲುವಂಥವು. ಅದಕ್ಕೊಂದು ಗುರುತು ಬೇಕು ಅಂತ ಯಾರಾದರೂ ಫಾಂಟ್ ತೆರೆದು ಒಂದು ಚುಕ್ಕಿಯೋ ಗೆರೆಯೋ ಸೇರಿಸಲು ಹೊರಟರೆ, ಮುಚ್ಚಿದ ಲೈಸೆನ್ಸಿನ ಫಾಂಟಿನಲ್ಲಿ ಅದು ತಪ್ಪು. ಓಎಫ್‌ಎಲ್ ಫಾಂಟಿನಲ್ಲಿ ಅದು ಹಕ್ಕು. ಹೆಸರು ಬದಲಿಸಿ, ಮಾಡಿ, ಊರಿಗೆಲ್ಲ ಹಂಚಿ. ಅರೆಭಾಷೆಯಲ್ಲಿ ಬರೆಯುವವರಿಗೂ ಬಾಗಿಲು ಇದೇ ರೀತಿ ತೆರೆದಿದೆ.

ಕನ್ನಡಕ್ಕೆ ಓಎಫ್‌ಎಲ್‌ನಲ್ಲಿ ಈಗ ಬಡತನ ಇಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಇವೆ. ದಪ್ಪಗೆ ದುಂಡಗೆ ಬೇಕಿದ್ದರೆ ಬಾಲೂ ತಮ್ಮ. ತೆಳುವಿನಿಂದ ದಪ್ಪದವರೆಗೆ, ಅಗಲ ಕೂಡ ಹೆಚ್ಚುಕಮ್ಮಿ ಮಾಡಬೇಕಿದ್ದರೆ 2022ರಲ್ಲಿ ಬಂದ ಅನೇಕ್ ಕನ್ನಡ. ಬಾಲೂ, ಅನೇಕ್ ಎರಡೂ ಮುಂಬೈಯ ಏಕ್ ಟೈಪ್‌ನವರ ಕೆಲಸ. ಪುಸ್ತಕಕ್ಕೆ ಟೀರೋ ಕನ್ನಡ ನನಗಿಷ್ಟ. ನವಿಲು ಅನ್ನುವ ಫಾಂಟನ್ನು ಕನ್ನಡಿಗರೇ ಮಾಡಿ ಹೀಗೇ ಬಿಟ್ಟಿದ್ದಾರೆ. ನನ್ನ ತಕರಾರು ಒಂದೇ. ಅಂಗಡಿ ಬೋರ್ಡು, ಹೋಂಸ್ಟೇ, ಕಾಫಿ ಪುಡಿ, ಎಲ್ಲದಕ್ಕೂ ಬಾಲೂ ತಮ್ಮ ಹಾಕಿ ಹಾಕಿ ಊರೆಲ್ಲ ಒಂದೇ ಕೈಬರಹ ಆದಹಾಗೆ ಕಾಣುತ್ತಿದೆ.

ವ್ಯಾಪಾರಕ್ಕೆ ಉಚಿತವಾಗಿರುವುದೆಲ್ಲ ಹೀಗೆ ತೆರೆದಿರುವುದಿಲ್ಲ ಅನ್ನುವುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಅಹಮದಾಬಾದಿನ ಇಂಡಿಯನ್ ಟೈಪ್ ಫೌಂಡ್ರಿ ಮಾಡಿದ ಪಾಪಿನ್ಸ್ ಓಎಫ್‌ಎಲ್‌ನಲ್ಲಿದೆ. ಅದೇ ಸಂಸ್ಥೆ ನಡೆಸುವ ಫಾಂಟ್‌ಶೇರ್‌ನ ಹಲವು ಫಾಂಟ್‌ಗಳು ಬೇರೆ ಲೈಸೆನ್ಸಿನಲ್ಲಿವೆ. ಪೌಚಿಗೆ, ಲೋಗೋಗೆ ಧಾರಾಳವಾಗಿ ಬಳಸಬಹುದು. ತಿದ್ದಿ ಬೇರೆ ಫಾಂಟ್ ಮಾಡುವುದು, ನೀವೇ ಹಂಚುವುದು ಮಾತ್ರ ನಡೆಯುವುದಿಲ್ಲ. ಒಂದೇ ಮನೆ, ಎರಡು ಬಗೆಯ ಕಾಗದ. ಮನೆ ನೋಡಿ ಊಹಿಸಿದರೆ ತಪ್ಪುತ್ತೇವೆ.

ಕಂಪ್ಯೂಟರ್ ಜೊತೆಗೇ ಬಂದ ಫಾಂಟ್? ವಿಂಡೋಸ್‌ನಲ್ಲಿ ಎಕ್ಸ್‌ಪಿ ಕಾಲದ ತುಂಗಾ ಇತ್ತು, ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂತು. ಇವನ್ನು ಬಳಸಿ ಪ್ರಿಂಟ್ ಮಾಡಿದ್ದನ್ನು ಮಾರಲು ಮೈಕ್ರೋಸಾಫ್ಟ್ ಅಡ್ಡಿ ಮಾಡುವುದಿಲ್ಲ. ಆದರೆ ಮನೆ ಮತ್ತು ವಿದ್ಯಾರ್ಥಿಗಳಿಗೆ ಅಂತಲೇ ಕೊಟ್ಟ ಆಫೀಸ್ ಇದ್ದರೆ ಆ ಸಾಫ್ಟ್‌ವೇರನ್ನೇ ವ್ಯಾಪಾರಕ್ಕೆ ಬಳಸುವಂತಿಲ್ಲ. ಫಾಂಟ್ ಫೈಲನ್ನು ಎತ್ತಿ ವೆಬ್‌ಸೈಟಿಗೆ ಹಾಕುವುದೂ ಆಗದು. ಅಡೋಬಿ ಫಾಂಟ್ಸ್ ಚಂದಾದಾರರಿಗೆ ವ್ಯಾಪಾರದ ಬಳಕೆಗೂ ಸಿಗುತ್ತದೆ. ಚಂದಾ ನಿಂತ ದಿನ ಫಾಂಟೂ ಹೋಗುತ್ತದೆ. ಆಗಲೇ ಪ್ರಿಂಟ್ ಆದದ್ದಕ್ಕೆ, ಪಿಡಿಎಫ್ ಆದದ್ದಕ್ಕೆ ತೊಂದರೆ ಇಲ್ಲ, ಫೈಲ್ ತೆರೆದು ತಿದ್ದಲು ಹೋದಾಗ ಅಕ್ಷರದ ಜಾಗದಲ್ಲಿ ಗುಲಾಬಿ ಬಣ್ಣ ಬಳಿದುಕೊಂಡು ಕೂತಿರುತ್ತದೆ.

ಇವೆಲ್ಲದರ ಆಚೆಗೆ ನಮ್ಮ ನಿಜವಾದ ಫಾಂಟ್ ಅಂಗಡಿ ವಾಟ್ಸಾಪ್ ಗುಂಪು. 'ಐನೂರು ಕನ್ನಡ ಫಾಂಟ್ಸ್' ಅಂತ ಒಂದು ಜಿಪ್. ಅದನ್ನು ಯಾರು ಕಟ್ಟಿದರೋ ಗೊತ್ತಿಲ್ಲ. ಓಎಫ್‌ಎಲ್ ಫಾಂಟೂ ಅದರಲ್ಲಿದೆ, ಸಾವಿರಾರು ರೂಪಾಯಿ ಕೊಟ್ಟು, ಡಾಂಗಲ್ ಅನ್ನುವ ಕೀಲಿ ಚುಚ್ಚಿ ಬಳಸಬೇಕಾದ ಪ್ಯಾಕೇಜಿನಿಂದ ಕಿತ್ತ ಫಾಂಟೂ ಅದರಲ್ಲಿದೆ. ಲೈಸೆನ್ಸಿನ ಕಾಗದ ಮಾತ್ರ ಯಾವುದರದೂ ಇಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ಇರಲ್ಲ, ಆದ್ದರಿಂದ ಇಂಥದ್ದನ್ನು ಕೂಡಿಟ್ಟುಕೊಳ್ಳುವ ಅಭ್ಯಾಸ ನಮಗೆ. ನನ್ನ ಹತ್ತಿರವೂ ಇತ್ತು. ಹಾರ್ಡ್ ಡಿಸ್ಕ್ ಸತ್ತಾಗ ಅದೂ ಹೋಯಿತು. ಮತ್ತೆ ಕೇಳಿ ತರಿಸಿಕೊಳ್ಳಲಿಲ್ಲ.

ಕಾಗದ ಕಳೆದುಹೋದ ಫಾಂಟಿನ ಜಾತಕ ನೋಡುವುದಕ್ಕೂ ದಾರಿ ಇದೆ. ವಿಂಡೋಸ್‌ನಲ್ಲಿ ಫಾಂಟ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್ ತೆರೆಯಿರಿ. ಮಾಡಿದವರು ಯಾರು, ಕಾಪಿರೈಟ್ ಯಾರದ್ದು ಅಂತ ಒಂದೆರಡು ಸಾಲು ಇರುತ್ತದೆ. ಅಲ್ಲೇ ಫಾಂಟ್ ಎಂಬೆಡೆಬಿಲಿಟಿ ಅಂತ ಇನ್ನೊಂದು ಸಾಲು. ಇನ್‌ಸ್ಟಾಲಬಲ್ ಅಂತಿದ್ದರೆ ಧಾರಾಳಿ. ಎಡಿಟಬಲ್ ಅಂದರೆ ಕಡತದಲ್ಲಿ ಸೇರಿಸಿ ತಿದ್ದಬಹುದು. ಪ್ರಿವ್ಯೂ ಮತ್ತು ಪ್ರಿಂಟ್ ಅಂದರೆ ನೋಡುವುದಕ್ಕೆ, ಅಚ್ಚಿಗೆ ಮಾತ್ರ. ರಿಸ್ಟ್ರಿಕ್ಟೆಡ್ ಅಂತಿದ್ದರೆ ಪಿಡಿಎಫ್ ಒಳಗೆ ಸೇರಿಸುವುದಕ್ಕೂ ಒಪ್ಪಿಗೆ ಬೇಕು. ಇದು ಪೂರ್ತಿ ಲೈಸೆನ್ಸ್ ಅಲ್ಲ, ಕಡತದೊಳಗೆ ಸೇರಿಸುವುದರ ಬಗ್ಗೆ ಮಾತ್ರ. ಆದರೂ ಆ ಜಿಪ್‌ನ ಫಾಂಟ್‌ಗಳನ್ನು ಹೀಗೆ ಒಂದೊಂದಾಗಿ ತೆರೆದು ನೋಡಿ, ಯಾರ ಕಂಪನಿಯ ಹೆಸರು ಎಷ್ಟು ಸಲ ಬರುತ್ತದೆ ಅಂತ ಗೊತ್ತಾಗುತ್ತದೆ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಫ್ರಾನ್ಸ್ ಸರಕಾರ ಇಂಟರ್ನೆಟ್ ಪೈರಸಿ ತಡೆಯಲು ಹಡೋಪಿ ಅನ್ನುವ ಸಂಸ್ಥೆ ಕಟ್ಟಿತು. 2010ರಲ್ಲಿ ಅದರ ಲೋಗೋ ಹೊರಬಂದಾಗ ಅದರಲ್ಲಿದ್ದದ್ದು ಫ್ರಾನ್ಸ್ ಟೆಲಿಕಾಂಗೆ ಅಂತಲೇ ಮಾಡಿದ, ಬೇರೆ ಯಾರೂ ಬಳಸುವಂತಿಲ್ಲದ ಫಾಂಟ್. ಲೋಗೋ ಬದಲಿಸಿದರು. ಡಿವಿಡಿ ಹಾಕಿದಾಗ 'ನೀವು ಕಾರು ಕದಿಯುತ್ತೀರಾ' ಅಂತ ಗದರಿಸುತ್ತಿದ್ದ ಜಾಹೀರಾತು ನೆನಪಿದೆಯಾ? ಆ ಪ್ರಚಾರದ ಹಳೇ ಪಿಡಿಎಫ್ ಒಂದನ್ನು 2025ರಲ್ಲಿ ಬಿಚ್ಚಿ ನೋಡಿದಾಗ ಒಳಗಿದ್ದದ್ದು, ಯುಸ್ಟ್ ವಾನ್ ರೊಸಮ್ 1992ರಲ್ಲಿ ಮಾಡಿದ ಫಾಂಟಿನ ನಕಲಿ ಪ್ರತಿ. ಕದಿಯಬೇಡಿ ಅಂತ ಹೇಳಿದ ಅಕ್ಷರವೇ ಕದ್ದದ್ದು. ಪಿಡಿಎಫ್‌ನಲ್ಲಿ ಫಾಂಟಿನ ಹೆಸರು ಇಪ್ಪತ್ತು ವರ್ಷವಾದರೂ ಅಳಿಸಿಹೋಗುವುದಿಲ್ಲ ಅನ್ನುವುದೂ ಇದರಿಂದ ಗೊತ್ತಾಯಿತು.

ಅಕ್ಷರ ಮಾಡುವವರ ಕಡೆಯೂ ಎಲ್ಲ ಸರಿ ಇಲ್ಲ. ಲೈಸೆನ್ಸ್‌ಗಳು ಉದ್ದ, ಭಾಷೆ ವಕೀಲರದು, ಒಂದೊಂದು ಕಂಪನಿಗೆ ಒಂದೊಂದು ಥರ. ಮಾರುಕಟ್ಟೆಯೂ ಕೆಲವೇ ಕೈಗೆ ಸೇರುತ್ತಿದೆ. ಮಾನೋಟೈಪ್ ಅನ್ನುವ ಒಂದೇ ಕಂಪನಿ 2006ರಲ್ಲಿ ಲೈನೋಟೈಪ್, 2014ರಲ್ಲಿ ಫಾಂಟ್‌ಶಾಪ್, 2021ರಲ್ಲಿ ಹೋಫ್ಲರ್ ಅಂಡ್ ಕೋ, ಹೀಗೆ ಬೇರೆ ಫಾಂಟ್ ಕಂಪನಿಗಳನ್ನು ಕೊಂಡಿತು. ಡಾಲರ್ ಬೆಲೆ ಕೊಡಗಿನ ಬೆಲೆಯಲ್ಲ. ಒಂದು ಶೈಲಿಗೆ 20, 30 ಡಾಲರ್ ಅನ್ನುವುದು ಅಲ್ಲಿನವರಿಗೆ ಒಂದು ಹೊತ್ತಿನ ಊಟ, ನಮ್ಮಲ್ಲಿ ಒಂದು ವಿಸಿಟಿಂಗ್ ಕಾರ್ಡ್ ಕೆಲಸದ ಪೂರ್ತಿ ಬಿಲ್ಲು. ಹಾಗಂತ ಕದಿಯುವುದು ಸರಿ ಅಂತ ನಾನು ಹೇಳಲಾರೆ. ಓಎಫ್‌ಎಲ್ ಇಷ್ಟು ಬೆಳೆದ ಮೇಲೆ ಆ ನೆಪವೂ ಹೆಚ್ಚು ಉಳಿದಿಲ್ಲ.

ಈಗ ನನ್ನ ಎಸ್ಟಿಮೇಟಿನಲ್ಲಿ ಫಾಂಟಿಗೆ ಅಂತಲೇ ಒಂದು ಸಾಲು ಇರುತ್ತದೆ. ಓಎಫ್‌ಎಲ್ ಆದರೆ ಸೊನ್ನೆ ಅಂತ ಬರೆಯುತ್ತೇನೆ, ಫಾಂಟಿನ ಹೆಸರೂ ಬರೆಯುತ್ತೇನೆ. ದುಡ್ಡಿನ ಫಾಂಟ್ ಬೇಕೆಂದರೆ ಬೆಲೆ ಮೊದಲೇ ಹೇಳುತ್ತೇನೆ, ರಸೀದಿ ಗಿರಾಕಿಗೆ ಕೊಡುತ್ತೇನೆ. ಕೆಲಸದ ಫೋಲ್ಡರಿನೊಳಗೆ ಲೈಸೆನ್ಸ್ ಫೈಲ್ ಇಟ್ಟೇ ಮುಚ್ಚುವುದು. ಒಂದಿಬ್ಬರು ಇದೇನು ಹೊಸ ಚಾರ್ಜು ಅಂತ ಕೇಳಿದರು. ಸೊನ್ನೆ ನೋಡಿ ಸುಮ್ಮನಾದರು.

ಅಕ್ಕನ ಪೌಚ್ ವಿಷಯಕ್ಕೆ ಬರುತ್ತೇನೆ. ಆಗಲೇ ಏಳುನೂರು ಖಾಲಿಯಾಗಿತ್ತು. ಅದಕ್ಕೆ ಆ 60 ಡಾಲರ್ ನಾನೇ ಕಟ್ಟಿದೆ. ತಪ್ಪು ನನ್ನದು, ಅವರಿಂದ ಕೇಳುವ ಮುಖ ಇರಲಿಲ್ಲ. ಲೈಸೆನ್ಸ್ ಬಂದ ಮೇಲೆ ಉಳಿದ ಮುನ್ನೂರನ್ನೂ ಮಾರಬಹುದಿತ್ತು. ಆದರೆ ಅಕ್ಕನಿಗೆ ಆ ಅಕ್ಷರದ ಮೇಲೆ ಮನಸ್ಸೇ ಹೋಗಿತ್ತು. ಮಾರ್ಕೆಟ್ ಹತ್ತಿರ ಬೋರ್ಡ್ ಬರೆಯುವ ಹಿರಿಯರೊಬ್ಬರಿದ್ದಾರೆ. ಅವರಿಂದ ಹೆಸರನ್ನು ಕಾಗದದ ಮೇಲೆ ಬ್ರಷ್‌ನಲ್ಲೇ ಬರೆಸಿದೆವು, ಕನ್ನಡದಲ್ಲಿ, ದೊಡ್ಡದಾಗಿ. ಎಂಟುನೂರು ರೂಪಾಯಿ, ಮೇಲೊಂದು ಕಾಫಿ. ಸ್ಕ್ಯಾನ್ ಮಾಡಿ ಹಾಕಿದೆ. ಈ ಅಕ್ಷರವನ್ನು ಲೇಬಲ್ಲಿಗೆ, ಬೋರ್ಡಿಗೆ, ಎಲ್ಲದಕ್ಕೂ ಬಳಸಬಹುದು ಅಂತ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿಕೊಡಿ ಅಂದಾಗ ಆ ಹಿರಿಯರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹಾಕಿಕೊಟ್ಟರು.

ಉಳಿದ ಮುನ್ನೂರು ಪೌಚ್‌ಗಳಲ್ಲಿ ಅಕ್ಕ ಮನೆ ಖರ್ಚಿನ ಕರಿಮೆಣಸು, ಏಲಕ್ಕಿ ತುಂಬಿಸಿ ಅಟ್ಟದಲ್ಲಿಟ್ಟಿದ್ದಾರೆ. ಅದು ವೈಯಕ್ತಿಕ ಬಳಕೆ.